ಹೊರಡುವ ಹಕ್ಕಿಯ ಕೊನೆಯ ದಿನ: ಕರ್ನಾಟಕದಲ್ಲಿ ವಸಂತಕಾಲದ ವಲಸೆಯ ದಾಖಲೆ ಮತ್ತು ಅದರ ಮಿತಿಗಳು

ಉತ್ತರದ ಸಮಶೀತೋಷ್ಣ ವಲಯದ ದೇಶಗಳಲ್ಲಿ ವಸಂತಕಾಲದ ವಲಸೆಯೆಂದರೆ ಹಕ್ಕಿಗಳ ಬರವು; ಚಳಿಗಾಲ ಕಳೆದು ಮೊದಲ ಕವಲುತೋಕೆ ಕಂಡ ದಿನವನ್ನು ಬರೆದಿಡುವ ವಾಡಿಕೆ ಅಲ್ಲಿ ಬಹಳ ಹಳೆಯದು. ಕರ್ನಾಟಕದಲ್ಲಾದರೋ ಇದೇ ವಲಸೆಯ ಮತ್ತೊಂದು ತುದಿ ಮಾತ್ರ ಕಾಣಿಸುತ್ತದೆ. ಮಧ್ಯ ಏಷ್ಯಾ, ಸೈಬೀರಿಯಾ ಮತ್ತು ಹಿಮಾಲಯದ ಕಡೆಯಿಂದ ಬಂದು ಇಲ್ಲಿ ಚಳಿಗಾಲ ಕಳೆದ ಹಕ್ಕಿಗಳು ಫೆಬ್ರವರಿಯ ಕೊನೆಯಿಂದ ಮೇ ತಿಂಗಳ ನಡುವಿನವರೆಗೆ ತಂಡತಂಡವಾಗಿಯೋ ಒಂಟಿಯಾಗಿಯೋ ಉತ್ತರಕ್ಕೆ ಮರಳುತ್ತವೆ. ಈ ಹೊರಡುವಿಕೆಯ ಬಗ್ಗೆ ಹಕ್ಕಿವೀಕ್ಷಕರ ಟಿಪ್ಪಣಿಗಳಲ್ಲಿರುವ ದಿನಾಂಕಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಈ ಲೇಖನದ ಪ್ರಶ್ನೆ. ಇಂಥ ದಿನಾಂಕಗಳಲ್ಲಿ ಬಹಳಷ್ಟು ಹಕ್ಕಿಯ ಚಲನೆಗಿಂತ ವೀಕ್ಷಕನ ಚಲನೆಯನ್ನೇ ಹೆಚ್ಚಾಗಿ ಸೂಚಿಸುತ್ತವೆ ಎಂಬುದು ಇಲ್ಲಿಯ ವಾದ.

ಮೊದಲ ದರ್ಶನ ಮತ್ತು ಕೊನೆಯ ದರ್ಶನಗಳೆರಡೂ ಒಂದೇ ಬಗೆಯ ಮಾಹಿತಿಯೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಸೆಪ್ಟೆಂಬರಿನಲ್ಲಿ ಬೂದು ಸಿಪಿಲೆಯೊಂದು ಹಳ್ಳದ ಬಂಡೆಯ ಮೇಲೆ ಬಾಲ ಕುಣಿಸುತ್ತ ನಿಂತರೆ ಆ ಘಟನೆ ನಡೆದ ಕೂಡಲೇ ದಾಖಲಾಗಬಲ್ಲದು. ಏಪ್ರಿಲ್‌ನಲ್ಲಿ ಅದೇ ಹಕ್ಕಿಯನ್ನು ಕಂಡ ದಿನ ಅದು ಕೊನೆಯ ದಿನವೆಂದು ಯಾರಿಗೂ ತಿಳಿದಿರುವುದಿಲ್ಲ, ಮುಂದಿನ ಹಲವು ಭೇಟಿಗಳಲ್ಲಿ ಹಕ್ಕಿ ಕಾಣದೆ ಹೋದ ಮೇಲಷ್ಟೇ ಹಿಂದಿನ ಆ ದಿನಕ್ಕೆ ‘ಕೊನೆಯದು’ ಎಂಬ ಅರ್ಥ ಬರುತ್ತದೆ. ಆದ್ದರಿಂದ ನಿರ್ಗಮನದ ದಿನಾಂಕವು ಕಾಣದಿದ್ದ ಭೇಟಿಗಳ ಮೇಲೆ ನಿಂತಿರುತ್ತದೆ, ಮತ್ತು ಅಂಥ ಭೇಟಿಗಳನ್ನು ಬರೆದಿಡುವವರು ವಿರಳ. ಇದರ ಜೊತೆಗೆ ಬಿಸಿಲೂ ಸೇರಿಕೊಳ್ಳುತ್ತದೆ: ಡಿಸೆಂಬರ್, ಜನವರಿಗಳಲ್ಲಿ ಕೆರೆ ಏರಿಯ ಮೇಲೆ ದುರ್ಬೀನು ಹಿಡಿದು ನಿಲ್ಲುವವರ ಸಂಖ್ಯೆ ಯುಗಾದಿ ಕಳೆದ ಮೇಲೆ ಇಳಿಯುತ್ತದೆ, ಸಣ್ಣ ವಲಸೆಹಕ್ಕಿಗಳು ಹೆಚ್ಚಾಗಿ ಹೊರಡುವ ಅಶ್ವಿನಿ, ಭರಣಿ ಮಳೆಗಳ ಅವಧಿಯಲ್ಲಂತೂ ಅದು ತೀರ ಕಡಿಮೆ.

ಕಣ್ಣಿಗೆ ಅಥವಾ ಕಿವಿಗೆ ಸಿಗುವ ಸಾಧ್ಯತೆಯನ್ನು, ಅಂದರೆ ಗೋಚರತೆಯನ್ನು, ಇರುವಿಕೆಯೆಂದೇ ಭಾವಿಸುವ ತಪ್ಪು ಎಷ್ಟು ಹಳೆಯದೆಂಬುದಕ್ಕೆ ಕೋಗಿಲೆಯೇ ಸಾಕ್ಷಿ. ವಸಂತದೊಂದಿಗೆ ಕೋಗಿಲೆ ಬರುತ್ತದೆಂಬುದು ಕವಿಸಮಯವಷ್ಟೇ ಅಲ್ಲ, ಜನರ ನಂಬಿಕೆಯೂ ಹೌದು. ವಾಸ್ತವದಲ್ಲಿ ಅದು ಕರ್ನಾಟಕದ ಬಹುಪಾಲು ಕಡೆ ವರ್ಷವಿಡೀ ಇರುವ ಹಕ್ಕಿ, ಚಳಿಗಾಲದಲ್ಲಿ ಬಹುಮಟ್ಟಿಗೆ ಮೌನವಾಗಿದ್ದು ಸಂತಾನಕಾಲ ಹತ್ತಿರವಾದಂತೆ ಕೂಗತೊಡಗುತ್ತದೆ. ದನಿ ಕೇಳಿದ್ದರಿಂದ ಹಕ್ಕಿ ಬಂದಿತೆಂದು ಬಗೆಯುವುದು ಹೇಗೋ ದನಿ ನಿಂತದ್ದರಿಂದ ಹಕ್ಕಿ ಹೋಯಿತೆಂದು ಬಗೆಯುವುದೂ ಹಾಗೆಯೇ, ಮತ್ತು ಎರಡನೆಯದನ್ನು ಅನುಭವಿ ವೀಕ್ಷಕರೂ ಮಾಡುವುದುಂಟು.

ಹಕ್ಕಿಗಳು ಹೊರಡುವ ಕಾಲವನ್ನು ನಿರ್ಧರಿಸುವ ಕಾರಣಗಳತ್ತ ನೋಡಿದರೆ ಹಗಲಿನ ಉದ್ದಕ್ಕೆ ಮೊದಲ ಸ್ಥಾನ ಸಲ್ಲುತ್ತದೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಚಳಿಗಾಲ ಕಳೆಯುವ, ಕಾಳು ತಿನ್ನುವ ಕಪ್ಪುತಲೆಯ ಮತ್ತು ಕೆಂಪುತಲೆಯ ಬಂಟಿಂಗ್ ಹಕ್ಕಿಗಳ ಮೇಲೆ ಉತ್ತರ ಭಾರತದ ವಿಶ್ವವಿದ್ಯಾಲಯಗಳಲ್ಲಿ ನಡೆದ ಪ್ರಯೋಗಗಳು, ಬೆಳಕಿನ ಅವಧಿ ಹೆಚ್ಚಿಸಿದಾಗ ಅವು ಅತಿಯಾಗಿ ತಿಂದು ಕೊಬ್ಬು ಶೇಖರಿಸಿಕೊಳ್ಳುವುದನ್ನೂ ರಾತ್ರಿ ಪಂಜರದಲ್ಲಿ ಚಡಪಡಿಸುವುದನ್ನೂ ತೋರಿಸಿವೆ. ಈ ಚಡಪಡಿಕೆಯನ್ನು ಪಕ್ಷಿಶಾಸ್ತ್ರದಲ್ಲಿ ‘ವಲಸೆಯ ಅಶಾಂತಿ’ ಎನ್ನುತ್ತಾರೆ. ಆದರೆ ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಹಗಲಿರುಳುಗಳು ವರ್ಷವಿಡೀ ಸಮನಾಗಿರುವಂತೆ ಮಾಡಿದ ಕೋಣೆಗಳಲ್ಲೂ ಉಲಿಯಕ್ಕಿಗಳು ಸರಿಸುಮಾರು ವರ್ಷಕ್ಕೊಮ್ಮೆ ವಲಸೆಗೆ ಸಿದ್ಧವಾಗುವುದನ್ನು ಜರ್ಮನಿಯ ಎಬರ್ಹಾರ್ಡ್ ಗ್ವಿನ್ನರ್ ತೋರಿಸಿದ್ದರಿಂದ, ಉಷ್ಣವಲಯದಲ್ಲಿ ತಂಗುವ ಹಕ್ಕಿಗಳಿಗೆ ಈ ಒಳಗಿನ ವಾರ್ಷಿಕ ಗಡಿಯಾರವೂ ಆಸರೆಯಾಗುತ್ತದೆಂದು ತಿಳಿಯಬಹುದು. ಗೂಡಿನ ಜಾಗಕ್ಕೆ ಬೇಗ ತಲುಪಿದವುಗಳಿಗೆ ಒಳ್ಳೆಯ ನೆಲೆ ದಕ್ಕುವುದರಿಂದ ವಸಂತದ ಪಯಣ ಸಾಮಾನ್ಯವಾಗಿ ಶರತ್ಕಾಲದ ಪಯಣಕ್ಕಿಂತ ವೇಗವಾಗಿ ಸಾಗುತ್ತದೆ; ನಡುವಿನ ತಂಗುದಾಣಗಳಲ್ಲಿ ಹಕ್ಕಿಗಳು ಕಣ್ಣಿಗೆ ಬೀಳುವ ಅವಕಾಶವೂ ಅಷ್ಟೇ ಕಿರಿದಾಗುತ್ತದೆ.

ಭಾರತದಲ್ಲಿ ವಲಸೆಯ ಅಧ್ಯಯನ ದೊಡ್ಡ ಪ್ರಮಾಣದಲ್ಲಿ ನಡೆಯಲು ಪರೋಕ್ಷ ಕಾರಣವಾದದ್ದು ಮಲೆನಾಡಿನ ಒಂದು ಜ್ವರ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಜನರಿಗೂ ಜ್ವರ ಹಬ್ಬಿದಾಗ ಪತ್ತೆಯಾದ ವೈರಾಣು ರಷ್ಯಾದ ಉಣ್ಣೆಹುಳುಗಳಿಂದ ಹರಡುವ ಮಿದುಳುಜ್ವರದ ವೈರಾಣುಗಳ ಬಳಗಕ್ಕೆ ಸೇರಿದ್ದರಿಂದ, ಸೈಬೀರಿಯಾದ ಕಡೆಯಿಂದ ಬರುವ ಹಕ್ಕಿಗಳ ಮೈಗಂಟಿದ ಉಣ್ಣೆಗಳ ಮೂಲಕ ಅದು ಬಂದಿರಬಹುದೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ 1959ರಿಂದ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸವನ್ನು ವ್ಯಾಪಕವಾಗಿ ಕೈಗೊಂಡಿತು. ಉಂಗುರ ತೊಡಿಸುವುದೆಂದರೆ ಸಂಖ್ಯೆ ಕೊರೆದ ಹಗುರವಾದ ಲೋಹದ ಬಳೆಯನ್ನು ಹಕ್ಕಿಯ ಕಾಲಿಗೆ ಹಾಕಿ ಬಿಟ್ಟು, ಅದು ಮತ್ತೆಲ್ಲಾದರೂ ಸಿಕ್ಕರೆ ಎರಡೂ ಸ್ಥಳಗಳ ನಡುವಣ ಸಂಬಂಧವನ್ನು ಗುರುತಿಸುವುದು. ಮಂಗನ ಕಾಯಿಲೆಯನ್ನು ವಲಸೆಹಕ್ಕಿಗಳೇ ಹೊತ್ತು ತಂದವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ಆದರೆ ಭಾರತದಲ್ಲಿ ಚಳಿಗಾಲ ಕಳೆಯುವ ಅನೇಕ ಹಕ್ಕಿಗಳ ತವರು ಯಾವುದೆಂಬುದು ಆ ಕೆಲಸದಿಂದ ಸ್ಪಷ್ಟವಾಯಿತು. ಎಲ್ಲಿಂದ ಎಲ್ಲಿಗೆ ಎಂಬುದನ್ನು ಹೇಳುವ ಉಂಗುರವು ಇಂಥ ಕೆರೆಯನ್ನು ಹಕ್ಕಿ ಯಾವಾಗ ಬಿಟ್ಟಿತೆಂಬುದನ್ನು ಮಾತ್ರ ಹೇಳಲಾರದು.

ಕಾಲದ ಪ್ರಶ್ನೆಯನ್ನು ಹಿಡಿದು ಹೊರಟದ್ದು 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಿಂದ ಆರಂಭವಾದ ‘ಮೈಗ್ರೆಂಟ್‌ವಾಚ್’ ಎಂಬ ನಾಗರಿಕ ವಿಜ್ಞಾನ ಯೋಜನೆ. ಸಾಮಾನ್ಯ ವೀಕ್ಷಕರಿಂದ ಕೆಲವು ಚಳಿಗಾಲದ ಹಕ್ಕಿಗಳ ಮೊದಲ ದರ್ಶನದ ದಿನಾಂಕಗಳನ್ನು ಕೇಳಿ ಪಡೆದ ಈ ಯೋಜನೆಯ ಮಹತ್ವ ದೊಡ್ಡದಾದರೂ, ಒಂಟಿ ದಿನಾಂಕವು ಎಷ್ಟು ಜನ ಎಷ್ಟು ಬಾರಿ ನೋಡಿದರು ಎಂಬುದರ ಮೇಲೆ ಅವಲಂಬಿಸಿರುತ್ತದೆಂಬ ತೊಡಕು ಅದಕ್ಕೂ ಇತ್ತು. ನಂತರ ಬಳಕೆಗೆ ಬಂದ ‘ಇ-ಬರ್ಡ್’ ಪದ್ಧತಿಯಲ್ಲಿ ವೀಕ್ಷಕನು ಒಂದು ಸ್ಥಳದಲ್ಲಿ ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಸಮಯ, ದೂರಗಳ ವಿವರದೊಂದಿಗೆ ಬರೆಯುತ್ತಾನೆ. ಇದು ‘ಪೂರ್ಣ ಪಟ್ಟಿ’. ಇದರಲ್ಲಿ ಇಲ್ಲದ ಹೆಸರು ಕೂಡ ಮಾಹಿತಿಯೇ ಆದ್ದರಿಂದ, ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಒಂದು ಹಕ್ಕಿ ಇದೆ ಎಂಬ ಪ್ರಮಾಣವನ್ನು ವಾರವಾರಕ್ಕೆ ಹೋಲಿಸಿ ನೋಡಬಹುದು. ಪಟ್ಟಿಗಳ ಸಂಖ್ಯೆ ಏಪ್ರಿಲ್‌ನಲ್ಲಿ ಇಳಿದರೂ ಈ ಪ್ರಮಾಣ ಅಷ್ಟಾಗಿ ದಾರಿ ತಪ್ಪಿಸುವುದಿಲ್ಲ. ಇಂಥ ಕೋಟ್ಯಂತರ ದಾಖಲೆಗಳ ಆಧಾರದ ಮೇಲೆ ಸಿದ್ಧವಾದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯು ದೂರದ ವಲಸೆಹಕ್ಕಿಗಳು ಸ್ಥಳೀಯ ಹಕ್ಕಿಗಳಿಗಿಂತ ಹೆಚ್ಚು ಕುಸಿತ ಕಂಡಿವೆಯೆಂದು ಹೇಳಿದೆ.

ಕ್ಷೇತ್ರದ ಉದಾಹರಣೆಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಪಟ್ಟೆತಲೆ ಹೆಬ್ಬಾತು. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಮೈಸೂರು ಸೀಮೆಯ ಹದಿನಾರು ಎಂಬ ಊರಿನ ಕೆರೆಗಳಲ್ಲಿ ಚಳಿಗಾಲ ಕಳೆಯುವ ಈ ಹಕ್ಕಿಗಳ ಪೈಕಿ ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದವು ಕರ್ನಾಟಕದಲ್ಲಿ ಕಂಡುಬಂದಿವೆ. ಹಿಮಾಲಯ ದಾಟುವಾಗ ಇವು 7,000 ಮೀಟರಿಗೂ ಮೀರಿ ಏರಿದ್ದನ್ನು ಉಪಗ್ರಹ ಸಾಧನಗಳು ಅಳೆದಿವೆ. ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ದೊಡ್ಡ ಗಾತ್ರದ, ಗುಂಪಾಗಿರುವ, ಬಯಲಲ್ಲಿ ಮೇಯುವ ಹಕ್ಕಿಯಾದ್ದರಿಂದ ಇದರ ನಿರ್ಗಮನವನ್ನು ತಿಳಿಯುವುದು ಸುಲಭವೆನ್ನಿಸಬಹುದು. ಆದರೆ ಬಯಲುಸೀಮೆಯ ಕೆರೆಗಳು ಬೇಸಿಗೆ ಏರಿದಂತೆ ಬತ್ತುತ್ತವೆ, ಮತ್ತು ಒಂದು ಕೆರೆಯ ನೀರು ಇಂಗಿದಾಗ ಬಾತುಗಳು ಆಲಮಟ್ಟಿ, ತುಂಗಭದ್ರಾದಂಥ ದೊಡ್ಡ ಜಲಾಶಯಗಳ ಹಿನ್ನೀರಿಗೆ ಸರಿಯಬಲ್ಲವು. ಕೆರೆಯನ್ನು ತೊರೆದದ್ದಕ್ಕೂ ನಾಡನ್ನು ತೊರೆದದ್ದಕ್ಕೂ ವ್ಯತ್ಯಾಸವಿದೆ. ನೀರಿನ ಮಟ್ಟವನ್ನು ಬರೆಯದ ಟಿಪ್ಪಣಿಯಿಂದ ಈ ವ್ಯತ್ಯಾಸ ತಿಳಿಯುವಂತಿಲ್ಲ.

ಗುಲಾಬಿ ಕಬ್ಬಕ್ಕಿಯದು ಬೇರೆ ಸಮಸ್ಯೆ. ಜೋಳದ ಹೊಲಗಳಲ್ಲಿ ಹಿಂಡುಹಿಂಡಾಗಿ ಇಳಿಯುವ ಇವು ಬೇಸಿಗೆಯ ಮೊದಲಲ್ಲಿ ಮುತ್ತುಗ, ಬೂರುಗ, ಹಾಲವಾಣಗಳ ಹೂವಿಗೆ ಮುತ್ತುತ್ತವೆ; ಗರಿಗಳ ಮಾಸಲು ಅಂಚು ಸವೆದು ಮೈಯ ಗುಲಾಬಿಯೂ ತಲೆಯ ಕಪ್ಪೂ ಮೆರುಗು ಪಡೆಯುವುದು ಆಗಲೇ. ಮಿಡತೆಗಳು ಹೇರಳವಾಗಿರುವ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಗೆ ಏಪ್ರಿಲ್‌ನಿಂದ ಹೊರಡುವ ಇವು ಜುಲೈ, ಆಗಸ್ಟ್‌ಗಳಲ್ಲೇ ವಾಯವ್ಯ ಭಾರತಕ್ಕೆ ಮರಳತೊಡಗುತ್ತವೆ. ಹಿಂಡು ಇಂದು ಸಾವಿರ, ನಾಳೆ ಸೊನ್ನೆ ಎಂಬಂತಿರುವುದರಿಂದ ಒಂದು ಊರಿನ ಕೊನೆಯ ದಿನಾಂಕಕ್ಕೆ ಆ ಊರಿನ ಹೂಮರಗಳ ಪಂಚಾಂಗಕ್ಕಿಂತ ಹೆಚ್ಚಿನ ಬೆಲೆಯಿಲ್ಲ.

ಇವುಗಳಿಗೆ ಹೋಲಿಸಿದರೆ ಕಣ್ಣಿಗೆ ಸಾಧಾರಣವಾದ ಎರಡು ಸಣ್ಣ ಹಕ್ಕಿಗಳು ಶಾಸ್ತ್ರಕ್ಕೆ ಹೆಚ್ಚು ಉಪಕಾರಿ. ಮರಗಳ ಎಲೆಗಳ ನಡುವೆ ಸುಳಿದಾಡುವ ಹಸಿರು ಉಲಿಯಕ್ಕಿ ಮತ್ತು ಬೇಲಿಪೊದೆಗಳಲ್ಲಿ ಅಡಗಿರುವ ಬ್ಲೈತ್‌ನ ಜೊಂಡು ಉಲಿಯಕ್ಕಿಗಳು ಚಳಿಗಾಲವಿಡೀ ಒಂದೇ ಬಗೆಯ ಚುಟುಕು ದನಿಯನ್ನು ಬಿಡದೆ ಹೊರಡಿಸುತ್ತವೆ. ಹಸಿರು ಉಲಿಯಕ್ಕಿಯಂತೂ ತನ್ನ ಚಳಿಗಾಲದ ಎಲ್ಲೆಯನ್ನು ಕಾಯ್ದುಕೊಳ್ಳುತ್ತದೆ. ಮನೆಯ ಹಿತ್ತಲಿನಲ್ಲೇ ದಿನವೂ ಕೇಳುತ್ತಿದ್ದ ದನಿ ಏಪ್ರಿಲ್ ಕೊನೆಗೋ ಮೇ ಮೊದಲಿಗೋ ನಿಂತರೆ, ಹಾಗೆ ದಿನವೂ ಕಿವಿಗೊಟ್ಟ ಒಬ್ಬನೇ ವೀಕ್ಷಕನ ಟಿಪ್ಪಣಿ ದೊಡ್ಡ ಪಕ್ಷಿಧಾಮಕ್ಕೆ ವರ್ಷಕ್ಕೊಮ್ಮೆ ಹೋಗಿಬಂದವರ ನೂರು ಛಾಯಾಚಿತ್ರಗಳಿಗಿಂತ ನಂಬಲರ್ಹ. ನವರಂಗದ ಸ್ಥಿತಿ ಇದಕ್ಕೆ ತದ್ವಿರುದ್ಧ. ದಕ್ಷಿಣದಲ್ಲಿ ಚಳಿಗಾಲ ಕಳೆದು ಮುಂಗಾರಿನ ಹೊತ್ತಿಗೆ ಮಧ್ಯ ಹಾಗೂ ಉತ್ತರ ಭಾರತದ ಕಾಡುಗಳಲ್ಲಿ ಮರಿಮಾಡುವ ಈ ಬಣ್ಣದ ಹಕ್ಕಿ ನೆಲದ ತರಗೆಲೆಗಳಲ್ಲಿ ಸದ್ದಿಲ್ಲದೆ ಓಡಾಡುತ್ತ ಮುಖ್ಯವಾಗಿ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಕೂಗುತ್ತದೆ. ಆ ಎರಡು ಹೊತ್ತನ್ನು ತಪ್ಪಿಸಿದ ಪಟ್ಟಿಯಲ್ಲಿ ಅದರ ಹೆಸರಿಲ್ಲದಿರುವುದರಿಂದ ಏನೂ ಸಿದ್ಧವಾಗುವುದಿಲ್ಲ.

ಕರಾವಳಿಯಲ್ಲಿ ಕೊನೆಯ ದಿನವೆಂಬುದೇ ಇಲ್ಲದ ಹಕ್ಕಿಗಳಿವೆ. ಅಘನಾಶಿನಿ ಅಳಿವೆಯ ಕೆಸರುಬಯಲಿನಲ್ಲಿ ಮೇಯುವ ಗೊರವಗಳ ಪೈಕಿ ವಯಸ್ಕ ಹಕ್ಕಿಗಳು ಏಪ್ರಿಲ್‌ನಲ್ಲಿ ಇಟ್ಟಿಗೆಗೆಂಪು, ಕಪ್ಪುಗಳ ಸಂತಾನಕಾಲದ ಗರಿ ತಳೆದು ಉತ್ತರಕ್ಕೆ ಹೊರಟರೂ, ಇನ್ನೂ ಮರಿಮಾಡುವ ವಯಸ್ಸಿಗೆ ಬಾರದ ಎಳೆಯವು ಹಲವು ಜಾತಿಗಳಲ್ಲಿ ಮಳೆಗಾಲವನ್ನೂ ಇಲ್ಲೇ ಕಳೆಯುತ್ತವೆ. ಕೆಲವು ಜಾತಿಗಳಲ್ಲಿ ಸ್ಥಳೀಯ ಹಕ್ಕಿಗಳೂ ವಲಸಿಗರೂ ಬೆರೆತಿರುತ್ತವೆ. ರಾಜಹಕ್ಕಿಯೂ ಪಶ್ಚಿಮ ಘಟ್ಟದಲ್ಲಿ ಸ್ಥಳೀಯ ಉಪಜಾತಿಯನ್ನುಳ್ಳ ಕಿರುಚಾಣವೂ ಇದಕ್ಕೆ ನಿದರ್ಶನ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಮರಿಮಾಡುವ ನೀಲಿಬಾಲದ ಕಳ್ಳಿಪೀರಗಳು, ಉಳಿದವು ಹೊರಡುವ ಋತುವಿನಲ್ಲೇ ಬಂದು ನೆರೆಯುತ್ತವೆ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಇಷ್ಟರಿಂದ, ನಿರ್ಗಮನವನ್ನು ಒಂದು ದಿನಾಂಕವಾಗಿ ನೋಡುವ ಪದ್ಧತಿಯನ್ನು ಬಿಟ್ಟು, ಪೂರ್ಣ ಪಟ್ಟಿಗಳಲ್ಲಿ ಹಕ್ಕಿಯ ಪ್ರಮಾಣ ಮಾರ್ಚ್‌ನ ಮಟ್ಟದ ಅರ್ಧಕ್ಕೆ ಇಳಿಯುವ ವಾರವನ್ನು ಗುರುತಿಸುವುದು ಮೇಲೆಂದು ತೋರುತ್ತದೆ. ದಾರಿ ತಪ್ಪಿ ಹಿಂದುಳಿದ ಒಂದೆರಡು ಹಕ್ಕಿಗಳು ಈ ಲೆಕ್ಕವನ್ನು ಹೆಚ್ಚು ಕದಲಿಸಲಾರವು. ಈ ಕೆಲಸಕ್ಕೆ ಬೇಕಾದ ಪಟ್ಟಿಗಳು ಬೆಂಗಳೂರು, ಮೈಸೂರುಗಳ ಸುತ್ತ ಸಾಕಷ್ಟಿವೆ. ರಾಯಚೂರು, ಯಾದಗಿರಿ, ವಿಜಯಪುರ, ಕೊಪ್ಪಳಗಳ ಬೇಸಿಗೆಯ ಪಟ್ಟಿಗಳು ಅವುಗಳ ಮುಂದೆ ತೀರ ವಿರಳ. ಆ ಜಿಲ್ಲೆಗಳ ಶಾಲಾ ಶಿಕ್ಷಕರೂ ಕಾಲೇಜು ವಿದ್ಯಾರ್ಥಿಗಳೂ ಮನೆಗೆ ಹತ್ತಿರದ ಒಂದೇ ಕೆರೆ ಅಥವಾ ಒಂದೇ ತೋಪನ್ನು ಆಯ್ದುಕೊಂಡು, ಮಾರ್ಚ್‌ನಿಂದ ಮೇ ಕೊನೆಯವರೆಗೆ ವಾರಕ್ಕೊಮ್ಮೆ ಅದೇ ಹೊತ್ತಿನಲ್ಲಿ ಕಾಲು ಗಂಟೆ ನಿಂತು, ಕಂಡ ಹಕ್ಕಿಗಳೆಲ್ಲವನ್ನೂ ನೀರಿನ ಮಟ್ಟವನ್ನೂ ಬರೆದಿಡಬೇಕು. ಏನೂ ಕಾಣದ ದಿನವನ್ನೂ ಬಿಡದೆ ನಮೂದಿಸಬೇಕು.