ಹೆಳವನ ಪಟ್ಟಿಯಲ್ಲಿ ಇಲ್ಲದ ಹೆಸರು

ನಾನು ಹುಡುಗನಾಗಿದ್ದಾಗ ನಮ್ಮ ಧಾರವಾಡ ಸೀಮೆಯ ಹಳ್ಳಿಗೆ ನಾಲ್ಕಾರು ವರ್ಷಗಳಿಗೊಮ್ಮೆ ಹೆಳವ ಬರುತ್ತಿದ್ದ. ಎತ್ತಿನ ಮೇಲೆ ಕುಳಿತಂತೆಯೇ ಅಂಗಳದಲ್ಲಿ ನಿಂತು ನಮ್ಮ ಮನೆತನದ ಮೂಲಪುರುಷನಿಂದ ತೊಡಗುತ್ತಿದ್ದ: ಇಂಥವನಿಗೆ ಮೂವರು ಗಂಡುಮಕ್ಕಳು, ಹಿರಿಯವ ದತ್ತಕ ಹೋದ, ನಡುವಿನವ ಬರದಲ್ಲಿ ಊರು ಬಿಟ್ಟ, ಕಿರಿಯವನಿಂದ ಈ ಮನೆ. ಒಮ್ಮೆ ಅಜ್ಜಿ ಒಳಗಿನಿಂದಲೇ ಕೇಳಿದಳು: “ಎಲ್ಲಾ ಖರೇ ಹೆಳವಪ್ಪಾ, ನಮ್ಮ ಅತ್ತಿ ಹೆಸರು ಎಲ್ಲಿ ಹೋತು?” ಹೆಳವ ನಕ್ಕು, “ನಮ್ಮದು ಗಂಡಿನ ಬಳ್ಳಿ ಎವ್ವಾ” ಎಂದ. ಅಜ್ಜಿ ಮಾತಾಡದೆ ಮೊರದ ತುಂಬ ಜೋಳ ತಂದು ಸುರಿದಳು. ಆ ಹೆಸರೇನೆಂದು ನಾನು ಆಗ ಕೇಳಲಿಲ್ಲ. ಕೇಳಬೇಕೆನಿಸಿದಾಗ ಅಜ್ಜಿ ಇರಲಿಲ್ಲ.

ಮನೆತನದ ಚರಿತ್ರೆ ಹುಡುಕುವವರಿಗೆ ಹೆಳವನಂಥ ಬಂಧು ಬೇರೊಬ್ಬನಿಲ್ಲ. ತಲೆಮಾರುಗಳ ಹೆಸರು ಅವನ ಬಾಯಲ್ಲಿದೆ, ವಹಿಯಲ್ಲಿದೆ. ಆದರೆ ಕೇಳಿದ್ದನ್ನು ಕಾಗದದೊಡನೆ ತಾಳೆ ನೋಡಬೇಕು. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಭಾಗದಲ್ಲಿ ಇನಾಮು ಕಮಿಶನ್ನಿಗೆ ೧೮೫೨ರ ಕಾಯಿದೆ ಬಲ ಕೊಟ್ಟಿತು. ಇನಾಮು ಭೂಮಿ ಉಳ್ಳವರು ಸನದು ತೋರಿಸಿ, ತಾವು ಯಾರ ಸಂತತಿ ಎಂಬುದನ್ನು ಸಿದ್ಧಪಡಿಸಬೇಕಾಯಿತು. ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಸಿಗುವ ಎಷ್ಟೋ ಮೋಡಿ ಕಾಗದಗಳ ಹಿಂದೆ ಈ ಭಯವುಂಟು. ಹೊಲ ಹೋದೀತೆಂಬ ಅಂಜಿಕೆಯಲ್ಲಿ ಬರೆದ ವಂಶಾವಳಿಯಲ್ಲಿ ದತ್ತಕನು ಔರಸನಾಗುವುದೂ, ದಾಯಾದಿ ಮಾಯವಾಗುವುದೂ ಅಸಂಭವವೇನಲ್ಲ. ಇನಾಮೂ ಇಲ್ಲದ, ಅಂಗೈಯಗಲ ಭೂಮಿಯೂ ಇಲ್ಲದ ಮನೆಗಳಿಗೆ ಈ ಕಾಗದದ ಉಪದ್ರವವೂ ಇಲ್ಲ, ಆಧಾರವೂ ಇಲ್ಲ.

ಇನ್ನು ಕಲ್ಲು. ಹಳೆಯ ಮೈಸೂರಿನವರು ಪುಣ್ಯವಂತರು. ಬಿ. ಎಲ್. ರೈಸರು ೧೮೮೬ರಿಂದ ೧೯೦೫ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳನ್ನು ಜಿಲ್ಲೆ, ತಾಲ್ಲೂಕುಗಳ ಕ್ರಮದಲ್ಲಿಯೇ ಹೊರತಂದರು, ತಮ್ಮ ಊರಿನ ಶಾಸನ ಹುಡುಕಲು ಅರ್ಧ ತಾಸು ಸಾಕು. ನಮ್ಮ ಕಡೆಯವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ೧೧, ೧೫, ೧೮, ೨೦ನೆಯ ಸಂಪುಟಗಳನ್ನು ತಿರುವಬೇಕು. ಒಂದು ಎಚ್ಚರಿಕೆ: ಊರ ಕಲ್ಲಿನಲ್ಲಿ ಒಬ್ಬ ಗಾವುಂಡನ ಹೆಸರು ಸಿಕ್ಕಿತೆಂದು ಅವನೇ ನಮ್ಮ ಮುತ್ತಜ್ಜನ ಮುತ್ತಜ್ಜನೆಂದು ಹಿಗ್ಗಬಾರದು. ನಡುವಿನ ಎಂಟುನೂರು ವರ್ಷಗಳನ್ನು ಯಾರು ತುಂಬಿಕೊಡಬೇಕು?

ಕಲ್ಲು ಯಾರನ್ನು ನೆನೆಯುತ್ತದೆ ಎಂಬುದೂ ವಿಚಿತ್ರವೇ. ಹತ್ತನೆಯ ಶತಮಾನದ ಆತಕೂರು ಶಾಸನ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಹೆಸರನ್ನು ಇಂದಿಗೂ ಉಳಿಸಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ದೇಕಬ್ಬೆಯ ಹೆಸರುಂಟು. ೧೦೫೭ರಲ್ಲಿ, ಗಂಡ ಸತ್ತನೆಂದು ಕೇಳಿ, ಹೆತ್ತವರು ಬೇಡವೆಂದರೂ ಆಕೆ ಬೆಂಕಿಗೆ ಬಿದ್ದಳು. ಮನೆಯಲ್ಲಿ ಮಕ್ಕಳನ್ನು ಹೆತ್ತು, ರೊಟ್ಟಿ ಬಡಿದು, ಹಾಸಿಗೆಯಲ್ಲಿ ಸತ್ತವಳಿಗೆ ಯಾರು ಕಲ್ಲು ನಿಲ್ಲಿಸುತ್ತಾರೆ?

ನಮ್ಮ ಮುತ್ತಜ್ಜಿ ಅಂಥವಳು. ದಫ್ತರದಲ್ಲಿ ನೋಡಿದೆ. ಗಂಡ ತೀರಿಕೊಂಡು ಹೊಲ ಹೆಂಡತಿಯ ಹೆಸರಿಗೆ ಬಂದರೆ, ಇಂಥವಳು ‘ಕೋಂ’ ಇಂಥವನು ಎಂದು ದಾಖಲೆಯಾಗುತ್ತದೆ. ಈಕೆ ಗಂಡನಿಗಿಂತ ಮೊದಲೇ ಹೋದವಳು; ಸರಕಾರಕ್ಕೆ ಆಕೆಯ ಹೆಸರು ಬೇಕಾಗಲೇ ಇಲ್ಲ. ಮುತ್ತಜ್ಜನ ಸಹಿ ಮೂರು ಕಡೆ ಸಿಕ್ಕಿತು, ಒಂದು ಸಾಲಪತ್ರ ಸೇರಿ.

ಕೊನೆಗೆ ಅಟ್ಟ ಸ್ವಚ್ಛ ಮಾಡುವಾಗ ಕಿಲುಬು ಹಿಡಿದ ತಾಮ್ರದ ಕೊಡವೊಂದು ಕೆಳಗಿಳಿಯಿತು. ತಂಗಿ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಕಂಠದ ಸುತ್ತ ಚುಕ್ಕೆಚುಕ್ಕೆಯಾಗಿ ಕೊರೆದ ಅಕ್ಷರ ಮೂಡಿದವು: ಒಬ್ಬ ಹೆಣ್ಣುಮಗಳ ಹೆಸರು, ಆಕೆಯ ತಂದೆಯ ಹೆಸರು, ತವರೂರು. ಮದುವೆಯಲ್ಲಿ ತವರಿನವರು ಕೊಟ್ಟ ಕೊಡ. ಆ ಊರು ನಮ್ಮಿಂದ ಆರು ಹರದಾರಿ. ಹೋಗಿ ವಿಚಾರಿಸಿದೆ; ಅಲ್ಲಿಯ ಹಿರಿಯರೊಬ್ಬರು ಕೇಳಿದೊಡನೆ, “ನಿಮ್ಮ ಊರಿಗೆ ಕೊಟ್ಟಾಕಿ ಅಲ್ಲೇನು? ನಮ್ಮ ಅಜ್ಜನ ಅಕ್ಕ” ಎಂದರು.

ಈಗ ಹೆಳವರು ಎತ್ತು ಬಿಟ್ಟು ಮೋಟಾರಿನಲ್ಲಿ ಬರುತ್ತಾರೆ. ನಮ್ಮ ಹಳೆಯ ಹೆಳವನ ಮೊಮ್ಮಗ ಬಂದಾಗ ಕೊಡವನ್ನು ಮುಂದಿಟ್ಟೆ. ಆತ ಎರಡು ಸಲ ಓದಿ, ವಹಿ ಬಿಚ್ಚಿ, ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ಜಾಗ ಮಾಡಿಕೊಂಡು ಬರೆದುಕೊಂಡ.