ಗುಪ್ತಪದ ಮರೆತ ಹಾರ್ಡ್ ಡಿಸ್ಕ್: ತಿಳಿದಿರಬೇಕಾದ ಅಂಶಗಳು

ಬೆಳಗಾವಿ ಜಿಲ್ಲೆಯ ಘೋಡಗೇರಿಯಂತಹ ಗ್ರಾಮದಲ್ಲಿಯೂ ಸಂಘ, ಅಂಗಡಿಗಳ ಲೆಕ್ಕಪತ್ರ ಒಂದೇ ಹಾರ್ಡ್ ಡಿಸ್ಕ್‌ನಲ್ಲಿರಬಹುದು. ಗುಪ್ತಪದ ಮರೆತಲ್ಲಿ ಮೊದಲು ಬೀಗದ ಬಗೆಯನ್ನು ಗುರುತಿಸತಕ್ಕದ್ದು.

1. ವಿಂಡೋಸ್ ಪ್ರವೇಶದ ಗುಪ್ತಪದ: ಡಿಸ್ಕ್ ಗೂಢಲಿಪೀಕರಣಗೊಂಡಿರದಿದ್ದಲ್ಲಿ, ಅದನ್ನು ಬೇರೆ ಗಣಕಯಂತ್ರಕ್ಕೆ ಜೋಡಿಸಿ ಕಡತಗಳನ್ನು ಪಡೆಯಬಹುದು.

2. ಡಿಸ್ಕ್‌ನ ಸ್ವಂತ ಗುಪ್ತಪದ: ಇದು ಡಿಸ್ಕ್‌ನಲ್ಲಿಯೇ ದಾಖಲಾಗಿರುವುದರಿಂದ, ಗಣಕಯಂತ್ರವನ್ನು ಬದಲಿಸಿದರೂ ಮದರ್‌ಬೋರ್ಡ್‌ನ ಬ್ಯಾಟರಿ ತೆಗೆದರೂ ಬೀಗ ತೆರೆಯದು.

3. ಬಿಟ್‌ಲಾಕರ್: 48 ಅಂಕಿಗಳ ಮರುಪಡೆಯುವ ಕೀಲಿಯಿಂದ ತೆರೆಯಬಹುದು. ಗುಪ್ತಪದವೂ ಕೀಲಿಯೂ ಇಲ್ಲದಿದ್ದಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಮರುಬಳಸಬಹುದೇ ಹೊರತು ಮಾಹಿತಿ ಹಿಂದಿರುಗದು.

ಆದುದರಿಂದ ಮಾಹಿತಿಯ ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿ ಇರಿಸುವುದು. ಕೀಲಿಯನ್ನು ಮುದ್ರಿಸಿ, ತಿಜೋರಿಯ ಎರಡನೇ ಕೀಲಿಯಂತೆ ಮೊಹರಾದ ಲಕೋಟೆಯಲ್ಲಿ ಕಾಯ್ದಿರಿಸುವುದು. ಸಿಬ್ಬಂದಿ ಬದಲಾದಾಗ ಪ್ರಭಾರ ಪಟ್ಟಿಯಲ್ಲಿ ನಮೂದಿಸಿ ಹಸ್ತಾಂತರಿಸುವುದು ಸೂಕ್ತ.