ತವರಿನಲ್ಲಿ ಅತಿಥಿ

ಬ್ರಿಟನ್ನಿನಲ್ಲಿ ಹುಟ್ಟಿ, ನಲವತ್ತು ವರ್ಷ ದುಡಿದು ತೆರಿಗೆ ತೆತ್ತು, ನಿವೃತ್ತಿಯ ನಂತರ ದೂರದೇಶದಲ್ಲಿ ನೆಲೆಸಿದ ವ್ಯಕ್ತಿಯೊಬ್ಬರು ಮಕ್ಕಳನ್ನು ನೋಡಲು ಲಂಡನ್ನಿಗೆ ಬರುತ್ತಾರೆ ಎಂದುಕೊಳ್ಳೋಣ. ಅಲ್ಲಿ ಕಾಯಿಲೆ ಬಿದ್ದು ಸರ್ಕಾರಿ ಆಸ್ಪತ್ರೆಗೆ ದಾಖಲಾದರೆ ಅವರ ಕೈಗೆ ಬಿಲ್ ಬರುವ ಸಾಧ್ಯತೆ ಇದೆ. ಅದೇ ವಾರ್ಡಿನಲ್ಲಿ, ಆ ದೇಶದಲ್ಲಿ ವಾಸವಿರುವ, ಒಂದು ಪೌಂಡ್ ತೆರಿಗೆಯನ್ನೂ ಕಟ್ಟದ ನೆರೆಯ ರೋಗಿಗೆ ಚಿಕಿತ್ಸೆ ಉಚಿತ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ನಮ್ಮ ಗಾದೆ ನೆನಪಾಗುತ್ತದೆ. ಮೇಲುನೋಟಕ್ಕೆ ಅನ್ಯಾಯವೆಂದು ತೋರುವ ಈ ನಿಯಮದ ಹಿಂದೆ ನಾಲ್ಕು ಶತಮಾನಗಳ ಚರಿತ್ರೆಯಿದೆ.

‘ಈ ರೋಗಿ ಯಾರ ಹೊಣೆ?’ ಎಂಬ ಪ್ರಶ್ನೆಗೆ ಇಂಗ್ಲೆಂಡ್ ಮೊದಲು ಕೊಟ್ಟ ಉತ್ತರ ಧರ್ಮಕೇಂದ್ರ. 1601ರ ಬಡವರ ಕಾಯಿದೆಯ ಪ್ರಕಾರ ಪ್ರತಿಯೊಂದು ಧರ್ಮಕೇಂದ್ರವೂ ತನ್ನ ಎಲ್ಲೆಯೊಳಗಿನ ಬಡವರನ್ನೂ ಅಶಕ್ತರನ್ನೂ ಸ್ಥಳೀಯ ತೆರಿಗೆಯಿಂದ ಪೋಷಿಸಬೇಕಾಗಿತ್ತು. 1662ರ ನೆಲೆವಾಸದ ಕಾಯಿದೆಯು ಈ ಹೊಣೆಗೆ ಬೇಲಿ ಹಾಕಿತು. ಮುಂದೆ ಹೊರೆಯಾಗಬಹುದೆಂದು ತೋರಿದ ಹೊಸಬರನ್ನು ಬಂದ 40 ದಿನಗಳೊಳಗೆ ದೂರು ಕೊಟ್ಟು ಅವರ ಮೂಲ ಧರ್ಮಕೇಂದ್ರಕ್ಕೆ ಹಿಂದಕ್ಕೆ ಕಳುಹಿಸಬಹುದಿತ್ತು. ಮದುವೆಯಾದ ಹೆಣ್ಣಿಗೆ ಗಂಡನ ಊರೇ ಊರು. ಹುಟ್ಟುವ ಶಿಶು ತಮ್ಮ ಲೆಕ್ಕಕ್ಕೆ ಸೇರದಿರಲೆಂದು ಬಡ ಗರ್ಭಿಣಿಯರನ್ನು ಗಡಿಯಾಚೆಗೆ ಸಾಗಿಸಿದ ಪ್ರಸಂಗಗಳೂ ಇವೆ. ಕರುಣೆಯಿತ್ತು, ಆದರೆ ಅದು ಎಲ್ಲೆಕಲ್ಲಿನ ಬಳಿ ನಿಲ್ಲುತ್ತಿತ್ತು.

ಎರಡನೆಯ ಉತ್ತರ ಬಂದದ್ದು 1911ರಲ್ಲಿ. ಲಾಯ್ಡ್ ಜಾರ್ಜ್ ತಂದ ರಾಷ್ಟ್ರೀಯ ವಿಮಾ ಕಾಯಿದೆಯು ವಂತಿಗೆ ಕಟ್ಟಿದ ಕಾರ್ಮಿಕನಿಗೆ ವೈದ್ಯರ ಸೇವೆಯನ್ನು ಹಕ್ಕಾಗಿ ನೀಡಿತು. ಕೊಟ್ಟವನಿಗೆ ಉಂಟು, ಕೊಡದವನಿಗೆ ಇಲ್ಲ. ಈ ಲೆಕ್ಕ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆ ಕಾರ್ಮಿಕನ ಹೆಂಡತಿಗೂ ಮಕ್ಕಳಿಗೂ ಅದರಲ್ಲಿ ವೈದ್ಯರ ಸೇವೆ ಇರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆರೈಕೆ ಬೇಕಾದವರೇ ಹೊರಗುಳಿದರು.

ಈ ಕೊರತೆಯನ್ನು ನೀಗಿದ್ದು 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆ. ಅದರ ಶಿಲ್ಪಿ, ಆರೋಗ್ಯ ಸಚಿವ ಅನೈರಿನ್ ಬೆವನ್, ವೇಲ್ಸ್‌ನ ಟ್ರೆಡೀಗರ್ ಎಂಬ ಗಣಿ ಊರಿನಲ್ಲಿ ಹುಟ್ಟಿದವರು. ವಂತಿಗೆಗೂ ಚಿಕಿತ್ಸೆಗೂ ಇದ್ದ ಗಂಟನ್ನು ಅವರು ಬಿಚ್ಚಿದರು. ಸೇವೆಯ ಖರ್ಚಿನ ಬಹುಪಾಲು ಸಾಮಾನ್ಯ ತೆರಿಗೆಯಿಂದ ಬರತೊಡಗಿತು. ಗೃಹಿಣಿ, ಕೂಸು, ನಿರುದ್ಯೋಗಿ, ಮುದುಕ ಎಂಬ ಭೇದವಿಲ್ಲದೆ ಎಲ್ಲರಿಗೂ ಬಾಗಿಲು ತೆರೆಯಿತು. ವಿದೇಶಿ ಪ್ರವಾಸಿಗಳಿಗೇಕೆ ಉಚಿತ ಚಿಕಿತ್ಸೆ ಎಂಬ ಆಕ್ಷೇಪ ಬೇಗನೆ ಎದ್ದಿತು. ಪ್ರವಾಸಿಯನ್ನು ಗುರುತಿಸಬೇಕಾದರೆ ದೇಶದ ಪ್ರತಿಯೊಬ್ಬರೂ ಗುರುತಿನ ಚೀಟಿ ಹಿಡಿದು ತಿರುಗಬೇಕಾದೀತು ಎಂಬುದು ಬೆವನ್ 1952ರ ತಮ್ಮ ಪುಸ್ತಕದಲ್ಲಿ ಮುಂದಿಟ್ಟ ವಾದ. ಅಲ್ಲಿ ‘ಸಾಮಾನ್ಯವಾಗಿ ವಾಸವಿಲ್ಲದವರಿಂದ’ ಶುಲ್ಕ ಪಡೆಯುವ ಅಧಿಕಾರವನ್ನು 1949ರ ತಿದ್ದುಪಡಿ ಕಾಯಿದೆ ನೀಡಿತ್ತಾದರೂ ಆಸ್ಪತ್ರೆಗಳಲ್ಲಿ ಅದು ಜಾರಿಗೆ ಬಂದದ್ದು 1982ರ ಅಕ್ಟೋಬರ್‌ನಲ್ಲಿ.

ಹಾಗಾದರೆ ‘ಸಾಮಾನ್ಯ ವಾಸ’ ಎಂದರೇನು? ವಿದೇಶದಿಂದ ಬಂದ ವಿದ್ಯಾರ್ಥಿಗಳ ಶಿಕ್ಷಣ ಅನುದಾನದ ಮೊಕದ್ದಮೆಯೊಂದರಲ್ಲಿ, 1982ರ ಡಿಸೆಂಬರ್‌ನಲ್ಲಿ, ಲಾರ್ಡ್ ಸ್ಕಾರ್ಮನ್ ಇದನ್ನು ವಿವರಿಸಿದರು. ಸ್ವಇಚ್ಛೆಯಿಂದ, ಒಂದು ನಿಶ್ಚಿತ ಉದ್ದೇಶಕ್ಕಾಗಿ, ಸದ್ಯದ ಬಾಳಿನ ಕ್ರಮದ ಭಾಗವಾಗಿ ಎಲ್ಲಿ ಇರುತ್ತೇವೆಯೋ ಅದೇ ವಾಸಸ್ಥಾನ ಎಂಬುದು ಅವರ ಮಾತಿನ ತಿರುಳು. ಈ ಅಳತೆಗೋಲು ಮುಂದೆ ಆಸ್ಪತ್ರೆಗಳಿಗೂ ಅನ್ವಯವಾಯಿತು. ಇಲ್ಲಿ ಜನ್ಮಸ್ಥಳವಾಗಲಿ, ಪಾಸ್‌ಪೋರ್ಟಾಗಲಿ, ಹಿಂದೆ ಕಟ್ಟಿದ ತೆರಿಗೆಯಾಗಲಿ ನಿರ್ಣಾಯಕವಲ್ಲ. ಒಲೆ ಎಲ್ಲಿ ಉರಿಯುತ್ತಿದೆಯೋ ಅಲ್ಲಿ ಹಕ್ಕು.

2015ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ನಿಯಮ ಬಿಗಿಯಾಯಿತು. ಯುರೋಪಿನಾಚೆ ನೆಲೆಸಿದ ಬ್ರಿಟಿಷರೂ ಭೇಟಿಗೆ ಬಂದಾಗ, ವಿನಾಯಿತಿ ಇಲ್ಲದಿದ್ದರೆ, ಆಸ್ಪತ್ರೆಯ ಚಿಕಿತ್ಸೆಗೆ ವೆಚ್ಚದ ಶೇ. 150ರಷ್ಟು ತೆರಬೇಕಾಯಿತು. ತುರ್ತು ವಿಭಾಗದ ಆರೈಕೆ ಮತ್ತು ಕ್ಷಯದಂಥ ಸಾಂಕ್ರಾಮಿಕ ರೋಗಗಳ ಚಿಕಿತ್ಸೆ ಎಲ್ಲರಿಗೂ ಉಚಿತವಾಗಿ ಉಳಿದವು. ಆದರೆ ಶಾಶ್ವತವಾಗಿ ನೆಲೆಸಲು ಮರಳಿದವರಿಗೆ ಕಾಯುವ ಅವಧಿಯಿಲ್ಲ. ಬಂದ ದಿನದಿಂದಲೇ ಹಕ್ಕು ಮರಳುತ್ತದೆ.

ಬೆವನ್ ಕಂಡ ಅಪಾಯವೂ ನಿಜವಾಯಿತು. ಜಮೈಕಾದಿಂದ ಹದಿಹರೆಯದಲ್ಲಿ ಬಂದು 44 ವರ್ಷ ಬ್ರಿಟನ್ನಿನಲ್ಲೇ ಬಾಳಿದ ಒಬ್ಬರಿಗೆ, ವಾಸದ ದಾಖಲೆ ತೋರಿಸಲಾಗದ ಕಾರಣ, ಕ್ಯಾನ್ಸರ್ ಚಿಕಿತ್ಸೆಗೆ 54,000 ಪೌಂಡ್ ಕೇಳಲಾದ ಸಂಗತಿ 2018ರಲ್ಲಿ ಬೆಳಕಿಗೆ ಬಂದು ದೇಶವೇ ತಲೆತಗ್ಗಿಸಿತು. ಎಲ್ಲಿಯೂ ಹೋಗದವರೇ ಅಲ್ಲಿ ಪರದೇಶಿಯಾಗಿದ್ದರು.

ಈ ಚರಿತ್ರೆ ನಮಗೆ ದೂರದ್ದಲ್ಲ. ಕರಾವಳಿಯಿಂದಲೂ ಬೆಂಗಳೂರಿನಿಂದಲೂ ಅಲ್ಲಿಗೆ ತೆರಳಿ ಅದೇ ಆಸ್ಪತ್ರೆಗಳಲ್ಲಿ ದಾದಿಯರಾಗಿ ದುಡಿಯುತ್ತಿರುವವರು ನಮ್ಮ ಮನೆಗಳವರೇ. ನಿವೃತ್ತರಾಗಿ ಊರಿಗೆ ಮರಳಿದ ಮೇಲೆ, ತಾವೇ ರೋಗಿಗಳನ್ನು ಸಂತೈಸಿದ ವಾರ್ಡಿನಲ್ಲಿ ಅವರೂ ಶುಲ್ಕ ತೆರಬೇಕಾದ ಅತಿಥಿಗಳಾಗಬಹುದು. ಮಕ್ಕಳನ್ನು ನೋಡಲು ಹೊರಡುವ ಮುನ್ನ ಪ್ರಯಾಣ ವಿಮೆ ಮಾಡಿಸುವುದು ವಿವೇಕ.

ನಿಯಮವನ್ನು ಹಳಿಯುವ ಮೊದಲು ಒಂದನ್ನು ನೆನೆಯಬೇಕು. ಕೊಟ್ಟದ್ದರ ಲೆಕ್ಕವಿಡುವ ವ್ಯವಸ್ಥೆಯು ಹೊರಟುಹೋದವರ ಋಣವನ್ನು ನೆನಪಿಡಬಲ್ಲದು. ಆದರೆ 1911ರ ತಾಯಿ-ಮಕ್ಕಳಂತೆ, ಕೊಡಲಾಗದವರನ್ನು ಹೊರಗಿಡುತ್ತದೆ. ಲೆಕ್ಕವನ್ನೇ ಇಡದ ವ್ಯವಸ್ಥೆಯು ಬರಿಗೈಯವರನ್ನು ಒಳಗೆ ಕರೆಯುತ್ತದೆ. ಆದರೆ ಹೋದವರ ಹೆಸರಿನಲ್ಲಿ ಅದು ಏನನ್ನೂ ಕೂಡಿಟ್ಟಿರುವುದಿಲ್ಲ. ಆ ನಲವತ್ತು ವರ್ಷಗಳ ತೆರಿಗೆ ವ್ಯರ್ಥವಾಗಲಿಲ್ಲ. ಅದು ಆಯಾ ವರ್ಷವೇ ಯಾರದೋ ಕೂಸಿನ ಔಷಧವಾಗಿ, ಯಾವುದೋ ಮುದುಕಿಯ ಶಸ್ತ್ರಚಿಕಿತ್ಸೆಯಾಗಿ ಸಂದಿತ್ತು.